ಬಲೆಗೆ ಸಿಗದವರ ಲೆಕ್ಕ

ಮಳೆಗಾಲದ 61 ದಿನಗಳ ಮೀನುಗಾರಿಕೆ ನಿಷೇಧ ಜುಲೈ 31ಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಕಾರವಾರದ ಬೈತಖೋಲ್ ಬಂದರಿಗೆ ಒಡಿಶಾ, ಜಾರ್ಖಂಡ್, ಛತ್ತೀಸಗಡದ ಕಡೆಯ ಕಲಾಸಿಗಳು, ಅಂದರೆ ಬೋಟಿನ ಕೆಲಸಗಾರರು, ಬಂದಿಳಿದಿರುತ್ತಾರೆ. ದೊಡ್ಡ ಸುತ್ತುಬಲೆ ಬೀಸುವ ಒಂದು ಪರ್ಸಿನ್ ಬೋಟಿಗೆ ಇಪ್ಪತ್ತೈದು ಮೂವತ್ತು ಜನ ಬೇಕು. ಬೋಟು ನಡೆಸುವ ತಾಂಡೇಲ ಊರವನಿದ್ದರೂ ಬಲೆ ಎಳೆಯುವವರಲ್ಲಿ ಹೊರಗಿನವರೇ ಹೆಚ್ಚು. 2008ರ ನವೆಂಬರಿನಲ್ಲಿ ಮುಂಬೈ ದಾಳಿಕೋರರು ಪೋರಬಂದರದ ‘ಕುಬೇರ’ ಎಂಬ ಮೀನುಗಾರಿಕೆ ಬೋಟನ್ನು ಅಪಹರಿಸಿ ಬಂದ ಮೇಲೆ, ಕಡಲಿಗಿಳಿಯುವವರೆಲ್ಲರಿಗೂ ಗುರುತಿನ ಚೀಟಿ ಬೇಕೆಂಬ ವ್ಯವಸ್ಥೆ ಕರಾವಳಿಯುದ್ದಕ್ಕೂ ಬಂತು. ಸಾಮಾನ್ಯವಾಗಿ ತೋರಿಸುವುದು ಆಧಾರ್. ಆದರೆ ಆಧಾರ್ ಸಿಗಲು ಅರ್ಜಿಗೆ ಹಿಂದಿನ 12 ತಿಂಗಳಲ್ಲಿ 182 ದಿನ ಭಾರತದಲ್ಲಿ ವಾಸವಿದ್ದರೆ ಸಾಕು. ಅದು ಪೌರತ್ವಕ್ಕೆ ಪುರಾವೆಯಲ್ಲವೆಂದು 2016ರ ಆಧಾರ್ ಕಾಯ್ದೆಯ 9ನೇ ಸೆಕ್ಷನ್ನೇ ಹೇಳುತ್ತದೆ.

ಹಾಗಾದರೆ ಬೋಟಿನ ಮೇಲಿರುವವರಲ್ಲಿ ಯಾರು ಈ ದೇಶದವರು, ಯಾರಲ್ಲ ಎಂದು ತಿಳಿಯುವುದು ಹೇಗೆ? ದಾಖಲೆಯಿಲ್ಲದ ವಲಸಿಗರನ್ನು ದೇಶವೊಂದು ಏನು ಮಾಡಬೇಕು ಎಂಬ ಚರ್ಚೆ ಎಲ್ಲ ಕಡೆ ಕಾವೇರುವುದು ‘ಹೊರಗಟ್ಟಿ’ ಮತ್ತು ‘ಇರಲು ಬಿಡಿ’ ಎಂಬ ಎರಡು ಮಾತುಗಳ ನಡುವೆ. ಎರಡಕ್ಕೂ ಗಟ್ಟಿ ಕಾರಣಗಳಿವೆ. ಆದರೆ ಅವರು ಎಷ್ಟು ಮಂದಿ, ಅವರನ್ನು ಗುರುತಿಸುವ ನಮ್ಮ ವಿಧಾನ ಎಷ್ಟು ಸಲ ತಪ್ಪುತ್ತದೆ ಎಂಬ ಲೆಕ್ಕವನ್ನು ಎರಡೂ ಕಡೆಯವರು ಬಿಟ್ಟೇಬಿಡುತ್ತಾರೆ. ಆ ಲೆಕ್ಕ ಮಾಡದೆ ಯಾವ ನೀತಿ ತಂದರೂ ಅದರ ಪೆಟ್ಟು ಬೇರೆಯವರಿಗೇ ಬೀಳುತ್ತದೆ.

ಎಣಿಕೆಯಿಂದ ಶುರುಮಾಡೋಣ. ಸಿಗಬಾರದೆಂದು ಓಡಾಡುವವರನ್ನು ಎಣಿಸುವುದು ಹೇಗೆ? ಇದಕ್ಕೆ ಬಳಸುವ ಒಂದು ಮುಖ್ಯ ವಿಧಾನ ಹುಟ್ಟಿದ್ದು ಮೀನಿನ ಅಧ್ಯಯನದಲ್ಲಿ. ಡೆನ್ಮಾರ್ಕಿನ ಮತ್ಸ್ಯವಿಜ್ಞಾನಿ ಪೀಟರ್ಸನ್ 1890ರ ದಶಕದಲ್ಲಿ ನಮ್ಮ ನಂಗಿನಂಥ ಚಪ್ಪಟೆ ಮೀನುಗಳಿಗೆ ಗುರುತು ಹಾಕಿ ನೀರಿಗೆ ಬಿಡುತ್ತಿದ್ದರು. ಮರುಬಲೆಯಲ್ಲಿ ಗುರುತಿನ ಮೀನು ಎಷ್ಟು ಸಿಕ್ಕವು ಎಂಬುದರಿಂದ ಒಟ್ಟು ಸಂಖ್ಯೆಯನ್ನು ಅಂದಾಜಿಸುವ ಸೂತ್ರ ಇಂದಿಗೂ ಅವರ ಹೆಸರಿನಲ್ಲಿದೆ. 200 ಮೀನಿಗೆ ಗುರುತು ಹಾಕಿ ಬಿಟ್ಟಿರಿ ಎನ್ನಿ. ಮುಂದಿನ ಬಲೆಗೆ 150 ಬಿದ್ದವು, ಅವುಗಳಲ್ಲಿ 10ಕ್ಕೆ ಗುರುತಿದೆ. ಹದಿನೈದರಲ್ಲಿ ಒಂದಕ್ಕೆ ಗುರುತಿದ್ದರೆ, ಒಟ್ಟು ಸಂಖ್ಯೆ 200ರ ಹದಿನೈದು ಪಟ್ಟು, ಅಂದರೆ 3,000.

ಮೀನಿನ ಬದಲು ಮನುಷ್ಯರು, ಬಲೆಯ ಬದಲು ಎರಡು ಪಟ್ಟಿಗಳು: ಪೊಲೀಸ್ ತಪಾಸಣೆಯದೊಂದು, ಆಸ್ಪತ್ರೆಯದೋ ಕಾರ್ಮಿಕ ಇಲಾಖೆಯದೋ ಇನ್ನೊಂದು. ನೆದರ್ಲೆಂಡ್ಸಿನಲ್ಲಿ ಪೊಲೀಸ್ ದಾಖಲೆಯೊಂದನ್ನೇ ಇಟ್ಟುಕೊಂಡು, ಒಬ್ಬ ಎಷ್ಟು ಸಲ ಸಿಕ್ಕ ಎಂಬುದರಿಂದ ಒಮ್ಮೆಯೂ ಸಿಗದವರ ಸಂಖ್ಯೆಯನ್ನು ಅಂದಾಜಿಸಿದ್ದಾರೆ. ಸೂತ್ರ ಸುಲಭ, ಆದರೆ ಅದರ ಷರತ್ತುಗಳು ಕಠಿಣ. ಎರಡು ಬಲೆಗಳ ನಡುವೆ ಯಾರೂ ಬರಬಾರದು, ಹೋಗಬಾರದು. ಎಲ್ಲರೂ ಸಿಗುವ ಸಾಧ್ಯತೆ ಒಂದೇ ಇರಬೇಕು. ಹಾಕಿದ ಗುರುತು ಅಳಿಯಬಾರದು. ಮನುಷ್ಯರ ವಿಷಯದಲ್ಲಿ ಮೂರೂ ಮುರಿಯುತ್ತವೆ. ಒಮ್ಮೆ ಸಿಕ್ಕವನು ಮುಂದೆ ತಪ್ಪಿಸಿಕೊಂಡು ತಿರುಗುತ್ತಾನೆ. ಎರಡನೇ ಬಲೆಯಲ್ಲಿ ಗುರುತಿನವರು ಕಡಿಮೆಯಾಗುತ್ತಾರೆ, ಅಂದಾಜು ಉಬ್ಬುತ್ತದೆ. ಗಡೀಪಾರಾದವನು ಎರಡನೇ ಪಟ್ಟಿಗೆ ಬರುವುದೇ ಇಲ್ಲ, ಆಗಲೂ ಉಬ್ಬುತ್ತದೆ.

ಮೂರನೆಯದು ನಮ್ಮ ಕರಾವಳಿಯವರಿಗೆ ಬೇಗ ಅರ್ಥವಾಗುವಂಥದ್ದು. ಮನುಷ್ಯನ ಗುರುತೆಂದರೆ ಅವನ ಹೆಸರು. ಗಾಂವಕರ, ಗಾಂವ್ಕರ್, ಗಾವಂಕರ. ನಾಯಕ, ನಾಯ್ಕ, ನಾಯ್ಕರ್. ಬರೆಯುವವನ ಕೈ ಬದಲಾದಂತೆ ಒಬ್ಬನೇ ವ್ಯಕ್ತಿ ಎರಡು ಪಟ್ಟಿಗಳಲ್ಲಿ ಇಬ್ಬರಾಗುತ್ತಾನೆ. ಮೇಲಿನ ಲೆಕ್ಕದಲ್ಲಿ ಹತ್ತರ ಪೈಕಿ ಐದು ಹೆಸರು ಹೊಂದಾಣಿಕೆಯಾಗಲಿಲ್ಲವೆನ್ನಿ, 3,000 ಇದ್ದದ್ದು 6,000 ಆಗುತ್ತದೆ. ಹೊಸದಾಗಿ ಯಾರೂ ಬಂದಿಲ್ಲ. ಗುಮಾಸ್ತರ ಕಾಗುಣಿತವಷ್ಟೇ ಬೇರೆಯಾಗಿದೆ. ಆದ್ದರಿಂದ ‘ದೇಶದಲ್ಲಿ ಇಷ್ಟು ಕೋಟಿ ನುಸುಳುಕೋರರಿದ್ದಾರೆ’ ಎಂದು ಯಾರಾದರೂ ಹೇಳಿದರೆ ಮೊದಲು ಕೇಳಬೇಕಾದದ್ದು: ಯಾವ ಎರಡು ಪಟ್ಟಿ, ಹೊಂದಿಸಿದ್ದು ಹೇಗೆ, ಹೆಚ್ಚುಕಮ್ಮಿ ಎಷ್ಟು?

ಇನ್ನು ವಿಂಗಡಣೆ. ಕಾನೂನಿನ ಪ್ರಕಾರ ಅಕ್ರಮ ವಲಸಿಗರೆಂದರೆ ಎರಡು ಬಗೆ: ಸರಿಯಾದ ಪಾಸ್‌ಪೋರ್ಟ್, ವೀಸಾ ಇಲ್ಲದೆ ಒಳಗೆ ಬಂದವರು ಮತ್ತು ಸರಿಯಾಗಿಯೇ ಬಂದು ಅವಧಿ ಮುಗಿದ ಮೇಲೂ ಉಳಿದವರು. ಎರಡನೆಯವರನ್ನು ಗಡಿಯ ಬೇಲಿ ತಡೆಯುವುದಿಲ್ಲ. ಅವರಿಗಾಗಿಯೇ ಗೋಕರ್ಣದ ಪ್ರತಿ ಹೋಮ್‌ಸ್ಟೇ ಮಾಲೀಕರೂ ವಿದೇಶಿಯರು ಬಂದ 24 ಗಂಟೆಯೊಳಗೆ ಅವರ ವಿವರವನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಜಿಲ್ಲೆಯ ಪೊಲೀಸ್ ವರಿಷ್ಠಾಧಿಕಾರಿಯೇ ವಿದೇಶಿಯರ ನೋಂದಣಾಧಿಕಾರಿ. 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿರುವ ವಲಸೆ ಮತ್ತು ವಿದೇಶಿಯರ ಕಾಯ್ದೆಯಲ್ಲಿ, ದಾಖಲೆಯಿಲ್ಲದೆ ಒಳಬಂದರೆ 5 ವರ್ಷದವರೆಗೆ ಜೈಲು ಅಥವಾ 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಅವಧಿ ಮೀರಿ ಉಳಿದರೆ 3 ವರ್ಷ, 3 ಲಕ್ಷದವರೆಗೆ.

ಇವರಿಬ್ಬರ ಜೊತೆ ಅದೇ ಬಲೆಗೆ ಬೀಳುವ ಮೂರನೆಯವರೂ ಇದ್ದಾರೆ. ಅವರು ಭಾರತೀಯರು, ಆದರೆ ತೋರಿಸಲು ಕಾಗದವಿಲ್ಲ. ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ಪೇಟೆಯ ಜೊತೆ ಸುತ್ತಲಿನ ಊರುಗಳೂ ಮುಳುಗಿದವು. ಹಾಗೆ ಮುಳುಗಿದ ಊರಿನ ಶಾಲೆಯ ದಾಖಲೆ ಹಿಡಿದ ಮನುಷ್ಯನ ಹುಟ್ಟೂರು ಇಂದಿನ ನಕ್ಷೆಯಲ್ಲಿಲ್ಲ. ಸೀಬರ್ಡ್ ನೌಕಾನೆಲೆಗಾಗಿ ಎದ್ದುಹೋದ ಕಾರವಾರ, ಅಂಕೋಲಾ ತಾಲೂಕುಗಳ ಕುಟುಂಬಗಳ ಹಳೆಯ ಮನೆ ನಂಬರಿಗೂ ಈಗ ಮನೆಯಿಲ್ಲ. ಕೊಂಕಣಿ ಮನೆಗಳಲ್ಲಿ ಮದುವೆಯಾದ ದಿನವೇ ಹೆಣ್ಣಿನ ಹೆಸರು ಬದಲಿಸುವ ವಾಡಿಕೆಯಿತ್ತು. ಶಾಲೆಯ ದಾಖಲೆಯ ಶಾಂತಾ, ಮತದಾರರ ಪಟ್ಟಿಯ ರಾಧಿಕಾ ಒಬ್ಬರೇ ಎಂದು ಸಾಬೀತು ಮಾಡುವ ಕಾಗದ ಹೆಚ್ಚಿನ ಮನೆಗಳಲ್ಲಿ ಇಲ್ಲ. ಯಲ್ಲಾಪುರ, ಹಳಿಯಾಳದ ಆಫ್ರಿಕಾ ಮೂಲದ ಸಿದ್ದಿಗಳು ಶತಮಾನಗಳಿಂದ ಇಲ್ಲಿಯವರು, 2003ರಿಂದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದ್ದಾರೆ. ಮುಖ ನೋಡಿ ದೇಶ ಹೇಳುವವನ ಕಣ್ಣಿಗೆ ಅವರೇ ಮೊದಲು ಹೊರಗಿನವರು.

ಇಲ್ಲಿ ಒಂದು ಸಣ್ಣ ಗಣಿತವಿದೆ. ಒಂದು ತಾಲೂಕಿನಲ್ಲಿ 1,00,000 ಜನರಿದ್ದಾರೆ, ಅವರಲ್ಲಿ ನಿಜವಾಗಿ ಹೊರದೇಶದವರು 200 ಎಂದು ಊಹಿಸಿ. ನಮ್ಮ ತಪಾಸಣೆ ನೂರಕ್ಕೆ 98 ಸಲ ಸರಿ ಹೇಳುತ್ತದೆ. ಸರ್ಕಾರಿ ಕೆಲಸದಲ್ಲಿ ಇದು ಬಹಳ ಒಳ್ಳೆಯ ಅಂಕ. 200ರಲ್ಲಿ 196 ಮಂದಿ ಸಿಕ್ಕರು. ಉಳಿದ 99,800 ಪೌರರಲ್ಲಿ ನೂರಕ್ಕೆ ಇಬ್ಬರಂತೆ 1,996 ಮಂದಿ ತಪ್ಪಾಗಿ ಸಿಕ್ಕಿಬಿದ್ದರು. ಒಟ್ಟು 2,192 ಮಂದಿ ‘ಶಂಕಿತ’ರಲ್ಲಿ ನಿಜವಾದವರು ನೂರಕ್ಕೆ ಒಂಬತ್ತೂ ಇಲ್ಲ. ತಪ್ಪಿನ ಪ್ರಮಾಣವನ್ನು ಹತ್ತನೇ ಒಂದಕ್ಕೆ ಇಳಿಸಿ 99.8 ಮಾಡಿದರೂ ಅರ್ಧಕ್ಕರ್ಧ ಪೌರರೇ. ಹುಡುಕುವ ಗುಂಪು ಚಿಕ್ಕದಾದಷ್ಟೂ, ಜರಡಿ ಹಿಡಿಯುವ ಗುಂಪು ದೊಡ್ಡದಾದಷ್ಟೂ ಹೀಗೇ ಆಗುತ್ತದೆ. ಎಲ್ಲರನ್ನೂ ಸಾಲಿನಲ್ಲಿ ನಿಲ್ಲಿಸುವ ತಪಾಸಣೆಗಿಂತ, ನಿರ್ದಿಷ್ಟ ಮಾಹಿತಿ ಸಿಕ್ಕಲ್ಲಿ ಮಾಡುವ ತಪಾಸಣೆ ಕಡಿಮೆ ತಪ್ಪುವುದು ಇದೇ ಕಾರಣಕ್ಕೆ.

ಅಸ್ಸಾಮಿನಲ್ಲಿ ಇದು ಕಾಗದದ ಲೆಕ್ಕವಾಗಿ ಉಳಿಯಲಿಲ್ಲ. ಅಲ್ಲಿನ ರಾಷ್ಟ್ರೀಯ ಪೌರರ ನೋಂದಣಿಗೆ 3.3 ಕೋಟಿ ಜನ ಅರ್ಜಿ ಹಾಕಿದರು. ತಾನು ಅಥವಾ ತನ್ನ ಹಿರಿಯರು 1971ರ ಮಾರ್ಚ್ 24ರ ಮಧ್ಯರಾತ್ರಿಗೆ ಮೊದಲು ಇಲ್ಲಿದ್ದರು ಎಂಬ ದಾಖಲೆ, ಆ ಹಿರಿಯರ ವಂಶ ತಾನೆಂಬ ಇನ್ನೊಂದು ದಾಖಲೆ, ಹೀಗೆ ಎರಡು ಕೊಂಡಿ ಬೇಕಿತ್ತು. 2018ರ ಜುಲೈ ಕರಡಿನಲ್ಲಿ ಸುಮಾರು 40 ಲಕ್ಷ ಮಂದಿ ಹೊರಗುಳಿದಿದ್ದರು. 2019ರ ಆಗಸ್ಟ್ 31ರ ಅಂತಿಮ ಪಟ್ಟಿಯಲ್ಲಿ ಹೊರಗುಳಿದವರು 19,06,657. ಹದಿಮೂರು ತಿಂಗಳಲ್ಲಿ ಆ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು. ಆ ಜನರ ಹುಟ್ಟು ಬದಲಾಗಿರಲಿಲ್ಲ, ಸಿಕ್ಕ ಕಾಗದ ಬದಲಾಗಿತ್ತು. ಎರಡನೇ ಕೊಂಡಿಯಲ್ಲೇ ಹೆಚ್ಚು ಮಂದಿ ಮುಗ್ಗರಿಸಿದ್ದು, ಅದರಲ್ಲೂ ಮದುವೆಯಾಗಿ ಊರು ಬಿಟ್ಟ ಹೆಣ್ಣುಮಕ್ಕಳು. ಇಂಥಲ್ಲಿ ‘ನಾನು ವಿದೇಶಿಯಲ್ಲ’ ಎಂದು ಸಾಬೀತು ಮಾಡುವ ಹೊಣೆಯನ್ನು ಕಾನೂನು ಆ ವ್ಯಕ್ತಿಯ ಮೇಲೆಯೇ ಹೊರಿಸುತ್ತದೆ. ತಪಾಸಣೆಯ ತಪ್ಪಿನ ಬೆಲೆಯನ್ನು ಪೂರ್ತಿಯಾಗಿ ತೆರುವವನು ಕಾಗದ ಕಳೆದುಕೊಂಡ ಬಡವ. ಇದು ನ್ಯಾಯವಲ್ಲ.

ದಾಖಲೆ ಎಲ್ಲ ಸರಿಯಿದ್ದರೂ ಒಬ್ಬನನ್ನು ವಿದೇಶಿಯಾಗಿಸಲು ಹುಟ್ಟಿದ ತಾರೀಖೊಂದೇ ಸಾಕಾಗಬಹುದು. ಶಿರಸಿಯಿಂದ ಒಂದೂವರೆ ತಾಸಿನ ದಾರಿಯ ಮುಂಡಗೋಡಿನಲ್ಲಿ 1966ರಿಂದ ಟಿಬೆಟಿಯನ್ನರ ವಸತಿಯಿದೆ. ಡ್ರೆಪುಂಗ್, ಗಾಂಡೆನ್ ಮಠಗಳು ಅಲ್ಲಿವೆ. ಪೌರತ್ವ ಕಾಯ್ದೆಯಂತೆ 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಭಾರತದಲ್ಲಿ ಹುಟ್ಟಿದವರು, ತಂದೆತಾಯಿ ಯಾರೇ ಇರಲಿ, ಭಾರತೀಯರು. ಆಮೇಲೆ 2004ರ ಡಿಸೆಂಬರ್ 2ರವರೆಗೆ ಹುಟ್ಟಿದವರಿಗೆ ತಂದೆತಾಯಿಯಲ್ಲಿ ಒಬ್ಬರಾದರೂ ಭಾರತೀಯರಿರಬೇಕು. ಅಲ್ಲಿಂದ ಮುಂದೆ ಒಬ್ಬರು ಭಾರತೀಯರಾಗಿ, ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಹೀಗಾಗಿ ತಂದೆತಾಯಿ ಇಬ್ಬರೂ ಟಿಬೆಟಿನಲ್ಲಿ ಹುಟ್ಟಿ ಬಂದವರಾದರೆ, 1986ರಲ್ಲಿ ಇಲ್ಲಿ ಹುಟ್ಟಿದ ಅಣ್ಣ ಭಾರತೀಯ. 1989ರಲ್ಲಿ ಅದೇ ಮನೆಯಲ್ಲಿ ಹುಟ್ಟಿದ ತಮ್ಮ ವಿದೇಶಿ, ಅವನು ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸುತ್ತಿರಬೇಕು. ಅಣ್ಣನ ಹಕ್ಕನ್ನು ಕರ್ನಾಟಕ ಹೈಕೋರ್ಟ್ 2013ರಲ್ಲಿ ಎತ್ತಿಹಿಡಿಯಿತು. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಆದರೂ ಮುಂಡಗೋಡಿನಲ್ಲಿ ಅರವತ್ತು ವರ್ಷದ ಹತ್ತಿರ ಒಂದು ಏರ್ಪಾಡು ನಡೆದು ಬಂದಿದೆ. ಯಾರು ಎಲ್ಲಿದ್ದಾರೆಂಬುದು ಸರ್ಕಾರಕ್ಕೆ ಗೊತ್ತು, ಅವರಿಗೂ ಬಚ್ಚಿಟ್ಟುಕೊಳ್ಳುವ ಅಗತ್ಯವಿಲ್ಲ. ಮೊದಲು ನೋಂದಣಿ, ಹಕ್ಕಿನ ತೀರ್ಮಾನ ಆಮೇಲೆ: ಬೇರೆಡೆಗೂ ಒಯ್ಯಬೇಕಾದ ಕ್ರಮವಿದು.

ಗಡೀಪಾರು ಎಂದರೆ ರೈಲು ಹತ್ತಿಸಿ ಕಳಿಸುವುದಲ್ಲ. ಹಿಡಿದ ವ್ಯಕ್ತಿಯ ಊರು, ಮನೆತನದ ವಿವರ ಪಡೆದು, ವಿದೇಶಾಂಗ ಇಲಾಖೆಯ ಮೂಲಕ ಅವನ ದೇಶದ ದೂತಾವಾಸಕ್ಕೆ ಕಳಿಸಬೇಕು. ಅಲ್ಲಿಯವರು ಊರಿಗೆ ಹೋಗಿ ವಿಚಾರಿಸಿ ‘ನಮ್ಮವನೇ’ ಎಂದರೆ ಪ್ರಯಾಣಪತ್ರ ಸಿಗುತ್ತದೆ. ‘ನಮ್ಮವನಲ್ಲ’ ಎಂದರೆ, ಅಥವಾ ಉತ್ತರವೇ ಬರದಿದ್ದರೆ, ಅವನು ನೆಲಮಂಗಲದ ಸೊಂಡೆಕೊಪ್ಪದಲ್ಲಿರುವಂಥ, ವಿದೇಶಿಯರನ್ನು ಇರಿಸುವ ಕೇಂದ್ರದಲ್ಲಿ ಕಾಯಬೇಕು. ಈ ಹಂತಗಳನ್ನು ಹಾರಿದರೆ ಏನಾಗುತ್ತದೆಂದು 2025ರಲ್ಲಿ ಕಂಡೆವು: ಬಾಂಗ್ಲಾದೇಶದೊಳಗೆ ತಳ್ಳಲ್ಪಟ್ಟ ಪಶ್ಚಿಮ ಬಂಗಾಳದ ಕೆಲವು ಕೂಲಿಕಾರರನ್ನು, ಭಾರತೀಯರೆಂದು ಖಚಿತವಾದ ಮೇಲೆ, ವಾಪಸು ಕರೆತರಬೇಕಾಯಿತು.

‘ಹೊರಗಿನವರು ಬಂದು ಕೂಲಿ ಇಳಿಸುತ್ತಾರೆ’ ಎಂಬ ದೂರನ್ನು ತಳ್ಳಿಹಾಕುವಂತಿಲ್ಲ. 1980ರಲ್ಲಿ ಕೆಲವೇ ತಿಂಗಳಲ್ಲಿ ಸುಮಾರು 1,25,000 ಕ್ಯೂಬನ್ನರು ಬಂದಾಗ ಅಮೆರಿಕದ ಮಿಯಾಮಿಯ ದುಡಿಯುವವರ ಸಂಖ್ಯೆ ಶೇಕಡಾ 7ರಷ್ಟು ಏರಿತು. ಅಲ್ಲಿ ಕೂಲಿ ಇಳಿಯಲಿಲ್ಲವೆಂದು ಅರ್ಥಶಾಸ್ತ್ರಜ್ಞ ಡೇವಿಡ್ ಕಾರ್ಡ್ 1990ರಲ್ಲಿ ತೋರಿಸಿದರು. ಹೈಸ್ಕೂಲು ಮುಗಿಸದವರ ಕೂಲಿ ಚೆನ್ನಾಗಿಯೇ ಇಳಿದಿದೆ ಎಂದು ಜಾರ್ಜ್ ಬೋರ್ಹಾಸ್ ನಂತರ ವಾದಿಸಿದರು. ಎರಡನೆಯ ಲೆಕ್ಕ ನಿಂತಿರುವುದು ಬಹಳ ಚಿಕ್ಕ ಮಾದರಿಯ ಮೇಲೆ, ಹಾಗಾಗಿ ನನಗೆ ಮೊದಲನೆಯದೇ ಹೆಚ್ಚು ನಂಬಿಕೆ. 1964ರ ಕೊನೆಗೆ ಅಮೆರಿಕ ಮೆಕ್ಸಿಕೋದ ಕೃಷಿಕಾರ್ಮಿಕರನ್ನು ಕರೆತರುವ ಯೋಜನೆ ನಿಲ್ಲಿಸಿದಾಗ ಊರಿನವರ ಕೂಲಿ ಏರಲಿಲ್ಲ. ಕ್ಯಾಲಿಫೋರ್ನಿಯಾದ ರೈತರು ಟೊಮೆಟೊ ಕೀಳುವ ಯಂತ್ರ ತಂದರು. ಕೂಲಿಯನ್ನು ಖಚಿತವಾಗಿ ಇಳಿಸುವುದು ದೂರು ಕೊಡಲಾಗದ ಕೆಲಸಗಾರನ ಸ್ಥಿತಿ. ಠಾಣೆಗೆ ಹೋದರೆ ತಾನೇ ಒಳಗಾಗುವವನಿಗೆ ಮಾಲೀಕ ಅರ್ಧ ಕೂಲಿ ಕೊಡಬಹುದು, ಆಗ ಪಕ್ಕದಲ್ಲಿ ದುಡಿಯುವ ಊರಿನವನ ಚೌಕಾಸಿಯೂ ಬಿದ್ದುಹೋಗುತ್ತದೆ.

ಹಾಗೆಂದು ಎಲ್ಲರಿಗೂ ಒಮ್ಮೆಗೇ ಕಾಗದ ಕೊಟ್ಟರೆ ಮುಗಿಯಿತೇ? 1986ರ ಕಾನೂನಿನಡಿ ಅಮೆರಿಕ ಸುಮಾರು 27 ಲಕ್ಷ ಜನರನ್ನು ಸಕ್ರಮಗೊಳಿಸಿತು. ಜೊತೆಗೆ, ದಾಖಲೆ ನೋಡದೆ ಕೆಲಸ ಕೊಟ್ಟ ಮಾಲೀಕರಿಗೆ ದಂಡವೆಂದಿತು. ಆದರೆ ದಾಖಲೆ ನೋಡಲು ಅಸಲಿಯಂತೆ ಕಂಡರೆ ಸಾಕಿತ್ತು. ನಕಲಿ ಕಾರ್ಡಿನ ವ್ಯಾಪಾರ ಬೆಳೆಯಿತು. 2007ರ ಹೊತ್ತಿಗೆ ದಾಖಲೆಯಿಲ್ಲದವರ ಅಂದಾಜು 1.2 ಕೋಟಿ ಮುಟ್ಟಿತು. 2005ರಲ್ಲಿ ಸ್ಪೇನ್ ಬೇರೆ ದಾರಿ ಹಿಡಿಯಿತು. ಅರ್ಜಿಗೆ ಮೂರು ತಿಂಗಳ ಗಡುವು, ಆರು ತಿಂಗಳ ಕೆಲಸದ ಕರಾರು, ಅಪರಾಧ ದಾಖಲೆ ಇರಕೂಡದು, ನಗರಸಭೆಯ ನಿವಾಸಿಗಳ ಪುಸ್ತಕದಲ್ಲಿ ಮೊದಲೇ ಹೆಸರಿರಬೇಕು. ಆ ಪುಸ್ತಕಕ್ಕೆ ದಾಖಲೆಯಿಲ್ಲದವರೂ ಭಯವಿಲ್ಲದೆ ಹೆಸರು ಬರೆಸಬಹುದಿತ್ತು, ಆದ್ದರಿಂದ ಯಾರು ಯಾವಾಗಿನಿಂದ ಇದ್ದಾರೆಂಬ ಪುರಾವೆ ಸಿದ್ಧವಿತ್ತು. ಐದೂವರೆ ಲಕ್ಷಕ್ಕೂ ಹೆಚ್ಚು ಮಂದಿ ಸಕ್ರಮವಾಗಿ ಸಾಮಾಜಿಕ ಭದ್ರತೆಯ ವಂತಿಗೆ ಕಟ್ಟತೊಡಗಿದರು. ವಾಸದ ಪುಸ್ತಕ ಬೇರೆ, ಪೌರತ್ವದ ಪುಸ್ತಕ ಬೇರೆ ಎಂಬುದನ್ನು ಕೊನೆತನಕ ಕಾಪಾಡಿಕೊಂಡದ್ದೇ ಅವರಿಗೆ ನೆರವಾಯಿತು. ನಮ್ಮಲ್ಲಿ ಆಧಾರನ್ನು ಒಮ್ಮೆ ಪೌರತ್ವದ ಚೀಟಿಯೆಂದೂ, ಇನ್ನೊಮ್ಮೆ ಏನೂ ಅಲ್ಲವೆಂದೂ ನಡೆಸಿಕೊಳ್ಳುವುದರಿಂದ ಎರಡೂ ಪುಸ್ತಕ ಕೆಡುತ್ತಿವೆ.

ಬೈತಖೋಲಿನ ಮಟ್ಟಿಗೆ ಅತ್ಯಂತ ಅಗ್ಗದ ರಿಪೇರಿ ಹುಟ್ಟಿನ ದಿನವೇ ಆಗುವಂಥದ್ದು. ಕಲಾಸಿಯ ಮಗು ಇಲ್ಲಿನ ಆಸ್ಪತ್ರೆಯಲ್ಲಿ ಹುಟ್ಟಿದರೆ ಆಸ್ಪತ್ರೆಯೇ 21 ದಿನದೊಳಗೆ ವರದಿ ಮಾಡಬೇಕು. ಮನೆಯಲ್ಲಿ ಹುಟ್ಟಿದರೆ ಮನೆಯ ಯಜಮಾನ. 30 ದಿನದವರೆಗೆ ತಡಶುಲ್ಕ, ಆಮೇಲೆ ವರ್ಷದೊಳಗೆ ಲಿಖಿತ ಅನುಮತಿ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆ, ಮತದಾರರ ಪಟ್ಟಿ, ಪಾಸ್‌ಪೋರ್ಟ್ ಎಲ್ಲಕ್ಕೂ ಜನ್ಮದಿನ, ಜನ್ಮಸ್ಥಳದ ಪುರಾವೆ ಹೀಗೆ ಸಿಗುವ ಜನನ ಪ್ರಮಾಣಪತ್ರವೊಂದೇ. ಮಗುವಿಗೆ ಹೆಸರಿಟ್ಟಿಲ್ಲವೆಂದು ಕಾಯಬೇಕಿಲ್ಲ. ಹೆಸರನ್ನು 12 ತಿಂಗಳವರೆಗೆ ಶುಲ್ಕವಿಲ್ಲದೆ, 15 ವರ್ಷದವರೆಗೆ ಶುಲ್ಕ ಕೊಟ್ಟು ಸೇರಿಸಬಹುದು. ಆದರೆ ತಾಯಿಯ ಹೆಸರನ್ನು ಬಾಯಿಮಾತಿನಲ್ಲಿ ಕೇಳಿ ಬರೆದುಕೊಳ್ಳಬಾರದು. ಆಕೆಯ ಊರಿನ ಗುರುತಿನ ಚೀಟಿ ತರಿಸಿ, ಅದರಲ್ಲಿರುವ ಕಾಗುಣಿತವನ್ನೇ ಅಕ್ಷರಕ್ಕೆ ಅಕ್ಷರ ನೋಡಿ ಬರೆಯಬೇಕು.