ಬಿವೈ ನಂಬರಿನ ಕಾರು ಮುಂಬಯಿ ಶೇಠರದ್ದೇ ಆಗಿರಬೇಕೆ?

ಪ್ರಶ್ನೆ: ನಮ್ಮ ಕೊಟ್ಟಿಗೆಯ ಮಾಡಿನಡಿ ಅಜ್ಜನ ಕಾಲದ ಮಾರಿಸ್ ಮೈನರ್ ನಿಂತಿದೆ. ಹಳೇ ಆರ್‌ಸಿ ಪುಸ್ತಕದಲ್ಲಿ ಬಿವೈ ಅಂತ ಶುರುವಾಗುವ ನಂಬರನ್ನು ಹೊಡೆದುಹಾಕಿ ಎಂವೈ ನಂಬರು ಬರೆದಿದ್ದಾರೆ. ಮುಂಬಯಿಯ ಯಾರೋ ಶೇಠರ ಕಾರು, ಆಮೇಲೆ ಮೈಸೂರು ಅರಮನೆಗೆ ಹೋಗಿ ಅಲ್ಲಿಂದ ನಮ್ಮಲ್ಲಿಗೆ ಬಂತು ಅಂತ ಮನೆಯ ಹಿರಿಯರು ಹೇಳುತ್ತಾರೆ. ಮೊದಲ ಮಾಲೀಕರು ಯಾರು, ಈವರೆಗೆ ಗಾಡಿಗೆ ಏನೇನು ರಿಪೇರಿ ಆಗಿದೆ ಅಂತ ಪತ್ತೆ ಮಾಡುವುದು ಹೇಗೆ? (ಸಿದ್ದಾಪುರ ಕಡೆಯ ಓದುಗರು)

ಉತ್ತರ: ಕಾರು ಬೇರೆ, ತಾಲೂಕು ಬೇರೆ, ಪ್ರಶ್ನೆ ಮಾತ್ರ ಒಂದೇ. ಹೊನ್ನಾವರದವರು ಹಿಲ್ಮನ್ ಅಂತ ಬರೆಯುತ್ತಾರೆ, ಯಲ್ಲಾಪುರದವರು ಸ್ಟ್ಯಾಂಡರ್ಡ್ ಅಂತ ಬರೆಯುತ್ತಾರೆ, ಪತ್ರದ ಕೊನೆಗೆ ಮುಂಬಯಿ ಶೇಠರೋ ಮೈಸೂರು ಅರಮನೆಯೋ ಬಂದೇ ಬರುತ್ತದೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸಿ ಸಾಕಾಗಿದೆ. ಇದೊಂದು ಸಲ ಪೂರ್ತಿ ಬರೆಯುತ್ತೇನೆ, ದಯವಿಟ್ಟು ತೆಗೆದಿಟ್ಟುಕೊಳ್ಳಿ.

ಹುಡುಕಾಟ ಇವತ್ತಿನ ಮಾಲೀಕರಿಂದ ಹಿಂದಕ್ಕೆ ಹೋಗಬೇಕು. ಮೊದಲ ಮಾಲೀಕರು ಯಾರೆಂದು ಮೊದಲೇ ನಂಬಿಕೊಂಡು ಮುಂದಕ್ಕೆ ಬಂದರೆ ದಾರಿ ತಪ್ಪುತ್ತದೆ. ಕಾಗದ ಹೇಳುವುದನ್ನೂ ಗಾಡಿಯ ತಗಡು ಹೇಳುವುದನ್ನೂ ತಾಳೆ ನೋಡಬೇಕು. ನಂಬರ್ ಪ್ಲೇಟಿನ ಅಕ್ಷರ ನೋಡಿ ಕಥೆ ಕಟ್ಟಬಾರದು.

ಆ ಅಕ್ಷರದ ಕಥೆಯನ್ನೇ ಮೊದಲು ಮುಗಿಸೋಣ. ಅದು ಹೋಗದೆ ಉಳಿದದ್ದು ಯಾವುದೂ ಮುಂದೆ ಸಾಗುವುದಿಲ್ಲ.

1939ರ ಮೋಟಾರು ವಾಹನ ಕಾಯ್ದೆ ಪ್ರಾಂತಗಳಿಗೆ, ಮುಂದೆ ರಾಜ್ಯಗಳಿಗೆ, ನೋಂದಣಿ ಅಕ್ಷರಗಳನ್ನು ಹಂಚಿತು. ಬಾಂಬೆಗೆ ಬಿಎಂ ಮತ್ತು ಬಿವೈ, ಮದ್ರಾಸಿಗೆ ಎಂಎಸ್ ಮುಂತಾದವು, ಮೈಸೂರಿಗೆ ಎಂವೈ. ಇಲ್ಲಿ ಬಾಂಬೆ ಅಂದರೆ ಊರಲ್ಲ, ಇಡೀ ಪ್ರಾಂತ. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಬಾಂಬೆ ಪ್ರಾಂತಕ್ಕೆ ಹೋಯಿತು, 1956ರ ಅಕ್ಟೋಬರ್ 31ರವರೆಗೆ ಅಲ್ಲೇ ಇತ್ತು. ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಕಾರಿನ ಮಾತು ಬಂದ ಕೂಡಲೇ ಯಾಕೋ ಎಲ್ಲರೂ ಮರೆಯುತ್ತೇವೆ. 1950ರಲ್ಲಿ ಕುಮಟೆಯ ಡಾಕ್ಟರೊಬ್ಬರು ಹೊಸ ಕಾರು ಕೊಂಡು ನಮ್ಮ ಜಿಲ್ಲೆಯಲ್ಲೇ ನೋಂದಾಯಿಸಿದರೆ ಅವರಿಗೆ ಸಿಗುತ್ತಿದ್ದದ್ದು ಬಾಂಬೆಯ ಅಕ್ಷರವೇ. ಆ ಡಾಕ್ಟರು ಮುಂಬಯಿಗೆ ಕಾಲಿಟ್ಟಿರಬೇಕೆಂದೇ ಇಲ್ಲ. ಅದೇ ವರ್ಷ ಭಟ್ಕಳ ದಾಟಿ ಬೈಂದೂರಿನವರು ಕಾರು ಕೊಂಡರೆ ಅದಕ್ಕೆ ಮದ್ರಾಸಿನ ಅಕ್ಷರ, ಯಾಕೆಂದರೆ ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿದಿತ್ತು. ಬೈಂದೂರಿನ ಕಾರನ್ನು ಮದ್ರಾಸಿನ ಸಾಹುಕಾರರದ್ದು ಅಂತ ಯಾರೂ ಹೇಳುವುದಿಲ್ಲವಲ್ಲ. ಹಾಗಾದರೆ ನಮ್ಮ ಕಾರು ಮಾತ್ರ ಮುಂಬಯಿ ಶೇಠರದ್ದು ಹೇಗಾಯಿತು?

ಇನ್ನು ಎಂವೈ. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯ ಸೇರಿದೆವು. ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ. ನಡುವಿನ ಕಾಲದಲ್ಲಿ ಬೀದರಿನಿಂದ ಭಟ್ಕಳದವರೆಗೆ ಆ ರಾಜ್ಯದ ಲಾರಿಗೂ ಬಸ್ಸಿಗೂ ಸ್ಕೂಟರಿಗೂ ಎಂವೈ. ಅಡಿಕೆ ಮಂಡಿಯ ಲಾರಿಗೂ ಅದೇ. ಅರಮನೆಗೂ ಆ ಎರಡು ಅಕ್ಷರಕ್ಕೂ ಯಾವ ಸಂಬಂಧವೂ ಇಲ್ಲ. ನಿಮ್ಮ ಆರ್‌ಸಿಯಲ್ಲಿ ಬಿವೈ ಹೊಡೆದು ಎಂವೈ ಬರೆದಿದ್ದರೆ ಅದರ ಸರಳ ಅರ್ಥ, ಗಾಡಿಗೆ ಮೈಸೂರು ರಾಜ್ಯದಲ್ಲಿ ಹೊಸ ನಂಬರು ಕೊಟ್ಟರು ಅಂತ. ಗಾಡಿ ಕೊಟ್ಟಿಗೆಯಿಂದ ಅಲ್ಲಾಡದೆಯೂ ಹೀಗಾಗಲು ಸಾಧ್ಯ. ಅದರ ಮೇಲಿನ ರಾಜ್ಯವೇ ಬದಲಾಗಿತ್ತು.

ಇದರಲ್ಲಿ ಇನ್ನೊಂದು ಅಪಾಯವಿದೆ. ಎಂವೈ ನಂಬರು ಕೊಟ್ಟ ದಿನವನ್ನೇ ಕಾರಿನ ಹುಟ್ಟಿದ ದಿನ ಅಂತ ಓದಿಕೊಳ್ಳುವವರು ಬಹಳ. 1958ರ ಮೊಹರಿದ್ದ ಮಾತ್ರಕ್ಕೆ ಗಾಡಿ 1958ರದ್ದಾಗುವುದಿಲ್ಲ. 1989ರಲ್ಲಿ ಕೆಎ ಪದ್ಧತಿ ಬಂದ ಮೇಲೆ ಮರುನೋಂದಣಿಯಾಗಿ ಕಾರವಾರದ ಕೆಎ-30, ಶಿರಸಿಯ ಕೆಎ-31, ಹೊನ್ನಾವರದ ಕೆಎ-47 ಹೊತ್ತ ಹಳೇ ಗಾಡಿಗಳಿಗೂ ಇದೇ ಮಾತು. ಅಕ್ಷರ ಹೇಳುವುದು ಆ ನಂಬರು ಯಾವ ರಾಜ್ಯದ್ದು ಅಂತ. ಯಾವ ಕಚೇರಿಯದ್ದು ಎಂಬುದಕ್ಕೆ ಮೂರನೇ ಅಕ್ಷರದಲ್ಲಿ ಬಹುಮಟ್ಟಿಗೆ ಸುಳಿವು ಸಿಗುತ್ತದೆ, ಆದರೂ ಊಹೆ ಬೇಡ. ಪುಸ್ತಕದ ಮೊದಲ ಪುಟದಲ್ಲಿ ನೋಂದಣಿ ಅಧಿಕಾರಿಯ ಮೊಹರು ಇರುತ್ತದೆ. ಮಸುಕಾಗಿದ್ದರೆ ಹಗಲು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಒತ್ತಿದ ಗುರುತು ಕಾಣುತ್ತದೆ. ಆ ಮೊಹರೇ ಸಾಕ್ಷಿ.

ಇಷ್ಟು ಬಿಸಿಯಾಗಿ ಯಾಕೆ ಬರೆಯುತ್ತಿದ್ದೇನೆಂದರೆ, ಈ ಕಥೆಯಿಂದ ನಿಜವಾದ ನಷ್ಟವಿದೆ. ಅರಮನೆ ಅಂದ ಕೂಡಲೇ ಮಾರುವವರು ಬೆಲೆ ಏರಿಸುತ್ತಾರೆ, ಕೊಳ್ಳುವವರು ಕಾಗದ ಕೇಳುವುದನ್ನೇ ಬಿಡುತ್ತಾರೆ. ಮನೆಯವರು ಮುಂಬಯಿಯಲ್ಲಿ ವಿಚಾರಿಸುತ್ತ ಕೂರುತ್ತಾರೆ, ಅಷ್ಟರಲ್ಲಿ ಅಟ್ಟದ ಮೇಲಿನ ಟ್ರಂಕಿಗೆ ಒರಲೆ ಹತ್ತಿರುತ್ತದೆ. ಎಲ್ಲಕ್ಕಿಂತ ಹೆಚ್ಚಿಗೆ, ಆ ಕಾರನ್ನು ನಿಜವಾಗಿ ಕೊಂಡು ಓಡಿಸಿದವರ ಹೆಸರು ಅಳಿಸಿಹೋಗುತ್ತದೆ. ನಮ್ಮ ಜಿಲ್ಲೆಯಲ್ಲಿ ಕಾರು ಕೊಂಡವರು ನಾಟಾ ಗುತ್ತಿಗೆದಾರರು, ಅಡಿಕೆ ದಲಾಲರು, ಬಂದರಿನ ವ್ಯಾಪಾರಿಗಳು, ವಕೀಲರು, ಡಾಕ್ಟರುಗಳು. ಮಳೆಗಾಲದ ರಾತ್ರಿ ಹೆರಿಗೆಗೆ ಹೋದ ಕಾರಿಗೆ ಅರಮನೆಯ ಕಥೆ ಕಟ್ಟುವ ಅಗತ್ಯವೇ ಇಲ್ಲ.

ಕಾರು ಗೋವಾದಿಂದ ಬಂತು ಎಂಬ ಕಥೆಯೂ ಇದರದ್ದೇ ಜೊತೆ. 1961ರ ಡಿಸೆಂಬರ್ 19ರವರೆಗೆ ಗೋವಾ ಪೋರ್ಚುಗೀಸರ ಕೈಯಲ್ಲಿತ್ತು, ಅಲ್ಲಿ ಕಾರು ಆಮದಿಗೆ ನಮ್ಮಷ್ಟು ಬಿಗಿ ಇರಲಿಲ್ಲ, ಮಾಜಾಳಿ ದಾಟಿದರೆ ಅದೇ ಊರು. ಆ ದಾರಿಯಲ್ಲಿ ಬಂದ ಗಾಡಿಗಳು ಇವೆ. ಆದರೆ ಎಡಗಡೆ ಸ್ಟೇರಿಂಗ್ ಇದ್ದರೆ ಗೋವಾದ್ದು ಎಂಬ ಲೆಕ್ಕ ಸರಿಯಲ್ಲ. ಪೋರ್ಚುಗಲ್ 1928ರಲ್ಲಿ ರಸ್ತೆಯ ಬಲಬದಿಗೆ ಹೋದರೂ ಗೋವಾ ನಮ್ಮಂತೆಯೇ ಎಡಬದಿಯಲ್ಲಿ ಉಳಿಯಿತು. ಗೋವಾದಿಂದ ಬಂದದ್ದಕ್ಕೆ ಜಿಡಿ ಅಕ್ಷರದ ಹಳೇ ನೋಂದಣಿ, ಕಸ್ಟಮ್ಸ್ ಕಾಗದ ಏನಾದರೂ ಇರಬೇಕು.

ಈಗ ಕಾಗದದ ಕೆಲಸ. ಮೊಬೈಲಿನಲ್ಲಿ ಹಳೇ ನಂಬರು ಹಾಕಿ, ರೆಕಾರ್ಡ್ ಇಲ್ಲ ಅಂತ ಬಂದದ್ದಕ್ಕೆ ಕೈಚೆಲ್ಲಬೇಡಿ. ಕಂಪ್ಯೂಟರಿಗೆ ಏರಿಸಿದ ಗಾಡಿ ಮಾತ್ರ ಅಲ್ಲಿ ಸಿಗುತ್ತದೆ. ಕೊನೆಯ ನೋಂದಣಿ ಯಾವ ಆರ್‌ಟಿಒದಲ್ಲಿದೆಯೋ ಅಲ್ಲಿ ಬಿ ಎಕ್ಸ್‌ಟ್ರ್ಯಾಕ್ಟಿಗೆ, ಅಂದರೆ ನೋಂದಣಿ ದಾಖಲೆಯ ನಕಲಿಗೆ, ಅರ್ಜಿ ಹಾಕಿ. ನೋಂದಣಿ ದಿನ, ಚಾಸಿ ನಂಬರು, ಎಂಜಿನ್ ನಂಬರು, ಮಾಲೀಕರ ವಿವರ ಅದರಲ್ಲಿರುತ್ತದೆ. ಹಿಂದಿನ ಕಚೇರಿಯ ಹೆಸರು ಕಂಡರೆ ಅಲ್ಲಿಗೆ ಹೋಗಿ. ಬಾಯಿಮಾತಿನಲ್ಲಿ ಕೆಲಸ ಆಗದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದ ಅರ್ಜಿ ಕೊಡಿ, 30 ದಿನದೊಳಗೆ ಉತ್ತರ ಕೊಡಬೇಕು. ಬೇರೆಯವರ ಖಾಸಗಿ ವಿವರ ಎಂಬ ಕಾರಣಕ್ಕೆ ನಿರಾಕರಿಸಲು ಅವರಿಗೆ ಅವಕಾಶವಿದೆ. ಹಾಗಾಗಿ ನಿಮ್ಮದೇ ಗಾಡಿಯ ನೋಂದಣಿ ನಮೂದುಗಳ ನಕಲು ಬೇಕೆಂದು ಬರೆಯಿರಿ, ಜೊತೆಗೆ ನಿಮ್ಮ ಆರ್‌ಸಿಯ ಪ್ರತಿ ಲಗತ್ತಿಸಿ.

ಸರಕಾರಿ ಕಾಗದದಷ್ಟೇ ಮನೆಯ ಕಾಗದವೂ ಮುಖ್ಯ. ಇನ್ಶೂರೆನ್ಸ್ ಪಾಲಿಸಿ ಖಾಸಗಿ ಕಂಪನಿಯದ್ದಾಗಿದ್ದರೆ ಅದು ಬಹುತೇಕ ರಾಷ್ಟ್ರೀಕರಣಕ್ಕಿಂತ ಹಿಂದಿನದು, ಅಂದರೆ 1973ಕ್ಕಿಂತ ಮೊದಲಿನದು. ಖಾಸಗಿ ಕಂಪನಿಗಳು ಮತ್ತೆ ಬಂದದ್ದು ಈಚೆಗೆ. ಪೆಟ್ರೋಲ್ ಬಿಲ್ಲಿನ ಮೇಲೆ ಬರ್ಮಾ ಶೆಲ್ ಇದ್ದರೆ 1976ಕ್ಕಿಂತ ಹಿಂದಿನದು. ವ್ಯಾಪಾರದ ಮನೆಯಾದರೆ ಕೀರ್ದಿ ಪುಸ್ತಕ ಬಿಡಬೇಡಿ. ಅಡಿಕೆ ಚೀಲದ ಲೆಕ್ಕದ ನಡುವೆ ಮೋಟಾರಿಗೆ ಪೆಟ್ರೋಲು, ಟೈರು, ಡ್ರೈವರನ ಪಗಾರ ಅಂತ ತಾರೀಖು ಸಮೇತ ಸಿಗುತ್ತದೆ, ಕಾರು ಮನೆಗೆ ಬಂದ ವರ್ಷ ಅಲ್ಲೇ ಗೊತ್ತಾಗಿಬಿಡಬಹುದು. ಮದುವೆಯ ಫೋಟೊ, ಮಾರಿಕಾಂಬಾ ಜಾತ್ರೆಗೆ ಹೋದಾಗ ತೆಗೆಸಿದ ಫೋಟೊ ಹುಡುಕಿ. ಕಾರಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವುದು ಆಗ ದೊಡ್ಡ ಸಂಗತಿ, ನಂಬರ್ ಪ್ಲೇಟೂ ಜೊತೆಗೆ ಬಿದ್ದಿರುತ್ತದೆ.

ತಗಡಿನ ಸಾಕ್ಷಿ ನನಗೆ ಹೆಚ್ಚು ಪ್ರೀತಿಯದು. ಮಾರಿಸ್ ಮೈನರ್ ಲಂಡನ್ನಿನಲ್ಲಿ ಮೊದಲು ಪ್ರದರ್ಶನವಾದದ್ದು 1948ರ ಅಕ್ಟೋಬರಿನಲ್ಲಿ. ಆ ಮೊದಲ ಮಾಡೆಲಿಗೆ 918 ಸಿಸಿಯ ಸೈಡ್‌ವಾಲ್ವ್ ಎಂಜಿನ್, 27.5 ಅಶ್ವಶಕ್ತಿ. 1952ರಿಂದ 803 ಸಿಸಿ, 1956ರಿಂದ 948 ಸಿಸಿ. ಮುಂದಿನ ಗಾಜು ನಡುವೆ ಪಟ್ಟಿಯಿದ್ದು ಎರಡು ತುಂಡಾಗಿದ್ದರೆ 1956ಕ್ಕಿಂತ ಹಿಂದಿನ ವಿನ್ಯಾಸ. ಹೆಡ್‌ಲೈಟು ಮಡ್‌ಗಾರ್ಡಿನ ಮೇಲಿರದೆ ಕೆಳಗೆ ಗ್ರಿಲ್ಲಿನ ಪಕ್ಕದಲ್ಲಿದ್ದರೆ ಇನ್ನೂ ಹಳೆಯದು, ಅದು ಅಪರೂಪ, ಜೋಪಾನ. ಇದೇ ಗಾಡಿಯನ್ನು ಹಿಂದೂಸ್ತಾನ್ ಮೋಟಾರ್ಸ್‌ನವರು ಬೇಬಿ ಹಿಂದೂಸ್ತಾನ್ ಹೆಸರಿನಲ್ಲಿ ಜೋಡಿಸಿ ಮಾರಿದ್ದರು. ನಿಮ್ಮದು ಅದೇ ಇರಬಹುದೇ ಎಂದು ಬ್ಯಾಡ್ಜೂ ತಗಡಿನ ಪಟ್ಟಿಯೂ ನೋಡಿ. ಬಾನೆಟ್ ಎತ್ತಿದರೆ ಫೈರ್‌ವಾಲಿನ ಮೇಲೆ ಆ ಪಟ್ಟಿ ಇರುತ್ತದೆ. ಅದನ್ನು ತಂತಿ ಬ್ರಶ್ಶಿನಿಂದ ಉಜ್ಜಬೇಡಿ, ಸೀಮೆಎಣ್ಣೆ ಅದ್ದಿದ ಬಟ್ಟೆಯಲ್ಲಿ ಒರೆಸಿ. ನಂಬರು ಸಿಕ್ಕಿದರೆ ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂನವರು ಶುಲ್ಕ ಪಡೆದು ಕಾರ್ಖಾನೆಯ ದಾಖಲೆ ನೋಡಿ ಪ್ರಮಾಣಪತ್ರ ಕೊಡುತ್ತಾರೆ. ಎಲ್ಲ ಮಾಡೆಲಿನ ದಾಖಲೆಯೂ ಅವರಲ್ಲಿಲ್ಲ, ನಿಮ್ಮ ಅಜ್ಜನ ಹೆಸರಂತೂ ಅಲ್ಲಿರುವುದಿಲ್ಲ. ತಯಾರಾದ ದಿನ, ಮೂಲ ಬಣ್ಣ, ಮೂಲ ಎಂಜಿನ್ ನಂಬರು ಸಿಕ್ಕರೆ ಅದೇ ದೊಡ್ಡದು.

ರಿಪೇರಿಯ ಚರಿತ್ರೆ ಬಿಡಿಭಾಗಗಳ ಮೇಲಿದೆ. ಲೂಕಾಸ್ ಡೈನಮೋ, ಸ್ಟಾರ್ಟರ್, ಡಿಸ್ಟ್ರಿಬ್ಯೂಟರ್ ಮೇಲೆ ತಿಂಗಳು, ವರ್ಷ ಕೊರೆದಿರುತ್ತಾರೆ. 7 52 ಅಂತಿದ್ದರೆ 1952ರ ಜುಲೈ. ಅದರ ಬದಲು ಲೂಕಾಸ್-ಟಿವಿಎಸ್ ಎಂದು ಕಂಡರೆ ಅದು ಆಮೇಲೆ ಹಾಕಿದ್ದು, ಆ ಕಂಪನಿ ಶುರುವಾದದ್ದೇ 1961ರಲ್ಲಿ. ಟ್ರಿಪ್ಲೆಕ್ಸ್ ಗಾಜಿನ ಮೂಲೆಯ ಹೆಸರಿನ ಸುತ್ತ ಇರುವ ಚುಕ್ಕೆಗಳೂ ವರ್ಷದ ಗುರುತೇ. ನಾಲ್ಕು ಬಾಗಿಲಿನ ಗಾಜಿನಲ್ಲಿ ಮೂರು ಒಂದೇ ಕಾಲದ್ದಾಗಿ ಒಂದು ಬೇರೆಯಾದರೆ ಆ ಬಾಗಿಲಿಗೆ ಏನೋ ತಾಗಿದೆ.

ಬಣ್ಣ ನೋಡುವ ಕ್ರಮ ಹೀಗೆ. ಗ್ಲೋವ್ ಬಾಕ್ಸಿನ ಒಳಮೈಯಲ್ಲೋ ಬಾಗಿಲಿನ ಕೀಲಿನ ಹಿಂದೆಯೋ ಹೊರಗೆ ಕಾಣದ ಜಾಗ ಹುಡುಕಿ. ಹದವಾದ ವಾಟರ್ ಪೇಪರ್ ನೆನೆಸಿ ನಾಲ್ಕಾಣೆಯಷ್ಟು ಅಗಲ ನಿಧಾನವಾಗಿ ಉಜ್ಜಿ, ನಡುವೆ ಹೆಚ್ಚು, ಅಂಚಿಗೆ ಕಡಿಮೆ. ಉಂಗುರ ಉಂಗುರವಾಗಿ ಬಣ್ಣಗಳು ಕಾಣುತ್ತವೆ, ಹೊರಗಿನದು ತೀರಾ ಈಚಿನದು, ನಟ್ಟನಡುವಿನದು ಕಾರ್ಖಾನೆಯ ಪ್ರೈಮರ್, ಅದಕ್ಕೆ ತಾಗಿದ್ದು ಮೂಲ ಬಣ್ಣ. ಎರಡು ಬಣ್ಣದ ನಡುವೆ ಪುಟ್ಟಿ ಕಂಡರೆ ಅಲ್ಲಿ ಟಿಂಕರಿಂಗ್ ಆಗಿದೆ. ಅಲ್ಲೇ ಫೋಟೊ ತೆಗೆದು ಪಕ್ಕದಲ್ಲಿ ಬರೆದಿಡಿ. ಆಮೇಲೆ ಬಟ್ಟೆ ಸುತ್ತಿದ ಅಯಸ್ಕಾಂತ ಹಿಡಿದು ಬಾಗಿಲಿನ ಕೆಳಗಿನ ಪಟ್ಟಿಯುದ್ದಕ್ಕೂ ಎಳೆಯುತ್ತ ಹೋಗಿ, ಹಿಡಿತ ಬಿಟ್ಟ ಕಡೆ ತಗಡು ಹೋಗಿ ಪುಟ್ಟಿ ಕೂತಿದೆ. ಉಪ್ಪುಗಾಳಿಯ ಕಾರವಾರದಲ್ಲೂ ನಾಲ್ಕು ತಿಂಗಳು ಒಣಗದ ಸಿದ್ದಾಪುರದಲ್ಲೂ ಮೊದಲು ಹೋಗುವುದು ಆ ಪಟ್ಟಿಯೇ. ಬೆಸುಗೆಯಲ್ಲಿ ಹಿತ್ತಾಳೆಯ ಹಳದಿ ಕಂಡರೆ ಹಳೇ ಗ್ಯಾಸ್ ವೆಲ್ಡಿಂಗಿನ ಕೈ.

ನೀವು ಕೇಳಿಲ್ಲ, ಆದರೂ ಎಂಜಿನ್ ಬಗ್ಗೆ ಹೇಳಲೇಬೇಕು. ನಮ್ಮ ಕಡೆಯ ಅನೇಕ ಮಾರಿಸ್‌ಗಳಲ್ಲಿ ಮೂಲ ಎಂಜಿನ್ ಇರುವುದಿಲ್ಲ, ಫಿಯೆಟ್‌ನದ್ದೋ ಅಂಬಾಸಿಡರಿನದ್ದೋ ಇರುತ್ತದೆ. ಕೆಲವರು ಇದನ್ನು ಮುಚ್ಚಿಡಲು ನೋಡುತ್ತಾರೆ. ಮುಚ್ಚಿಡುವಂಥದ್ದು ಏನೂ ಇಲ್ಲ. ಬಿಡಿಭಾಗ ಸಿಗದ ಕಾಲದಲ್ಲಿ, ಮನೆಮಂದಿಯನ್ನೆಲ್ಲ ತುಂಬಿಕೊಂಡು ದೇವಿಮನೆ ಘಟ್ಟ ಹತ್ತಿಸಬೇಕಾದ ಗಾಡಿಯನ್ನು ಗುಜರಿಗೆ ಹಾಕದೆ ಓಡುವಂತೆ ಉಳಿಸಿದವರು ಊರಿನ ಮೆಕ್ಯಾನಿಕ್ಕುಗಳು. ಹಳೇ ಮಾರಿಸ್ ಎಂಜಿನ್ನಿನ ಬೋಲ್ಟಿಗೆ ತಲೆ ವಿಟ್ವರ್ತ್ ಎಂಬ ಹಳೇ ಇಂಗ್ಲಿಷ್ ಅಳತೆಯದು, ಥ್ರೆಡ್ ಮೆಟ್ರಿಕ್. ಆ ವಿಚಿತ್ರವನ್ನು ಪುಸ್ತಕವಿಲ್ಲದೆ ಕೈಯಲ್ಲೇ ತಿಳಿದು ಪಾನಾ ಹಾಕಿದವರು ಅವರು. ಗ್ಯಾರೇಜಿನ ಹಿರಿಯರು ಯಾರಾದರೂ ಇದ್ದರೆ ಈ ವಾರವೇ ಹೋಗಿ ಕೇಳಿ, ಅವರ ಹೆಸರನ್ನೂ ಮಾಲೀಕರ ಹೆಸರಿನ ಸಾಲಿನಲ್ಲೇ ಬರೆದಿಡಿ. ಹಳೇ ಎಂಜಿನ್ ಮೂಲೆಯಲ್ಲಿ ಬಿದ್ದಿದ್ದರೆ ಮಾರಬೇಡಿ.

ಆದರೆ ಕಾಗದದಲ್ಲಿ ಇದಕ್ಕೆ ತೂಕವಿದೆ. 2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹಳೇ ನಂಬರಿದ್ದ ಗಾಡಿ ಅದನ್ನೇ ಉಳಿಸಿಕೊಳ್ಳಬಹುದು, ಹೊಸದಾಗಿ ನೋಂದಣಿಯಾಗುವುದಕ್ಕೆ ವಿಎ ಅಕ್ಷರದ ನಂಬರು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000, ಅವಧಿ 10 ವರ್ಷ. ದಿನನಿತ್ಯದ ಓಡಾಟಕ್ಕೆ ಇದು ಸಲ್ಲುವುದಿಲ್ಲ, ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿಗೆ ಮಾತ್ರ. ಎಂಜಿನ್ ಬದಲಿಸಿದ್ದು ಆರ್‌ಸಿಯಲ್ಲಿ ನಮೂದಾಗಿರಬೇಕೆಂಬುದು 1988ರ ಕಾಯ್ದೆಯ 52ನೇ ಕಲಮಿನಲ್ಲೇ ಇದೆ. ಹಾಗಾಗಿ ಬಿ ಎಕ್ಸ್‌ಟ್ರ್ಯಾಕ್ಟ್ ಕೈಗೆ ಬಂದ ದಿನವೇ ಅದರಲ್ಲಿರುವ ಎಂಜಿನ್ ನಂಬರನ್ನು ಗಾಡಿಯ ಮೇಲಿನದಕ್ಕೆ ಹೋಲಿಸಿ. ತಾಳೆಯಾಗದಿದ್ದರೆ ಮೊದಲು ಆರ್‌ಟಿಒದಲ್ಲಿ ಆ ವಿಷಯ ಇತ್ಯರ್ಥ ಮಾಡಿಕೊಳ್ಳಿ. ಪೇಂಟರಿಗೆ ಮುಂಗಡ ಕೊಡುವುದು ಆಮೇಲೆ.