20 ವರ್ಷ ಪ್ರಾಕ್ಟೀಸ್ ಮಾಡಿದ ಡಾಕ್ಟರಿಗೆ ಮತ್ತೆ ಟ್ರೈನಿಂಗ್ ಯಾಕೆ?

ಪ್ರಶ್ನೆ: 20 ವರ್ಷದಿಂದ ಶುಗರ್ ಪೇಶೆಂಟುಗಳನ್ನು ನೋಡುತ್ತಿದ್ದೇನೆ. ಹೊಸ ಔಷಧದ ಟ್ರಯಲ್‌ಗೆ ಪಿಐ, ಅಂದರೆ ಮುಖ್ಯ ಸಂಶೋಧಕ, ಆಗಿ ಅಂತ ಕೇಳಿದ್ದಾರೆ. ಮೊದಲು ಎರಡು ದಿನದ ಜಿಸಿಪಿ, ಅಂದರೆ ಟ್ರಯಲ್ ಸರಿಯಾಗಿ ನಡೆಸುವ ನಿಯಮಗಳ, ಕಾರ್ಯಾಗಾರಕ್ಕೆ ಬನ್ನಿ ಅನ್ನುತ್ತಾರೆ. ನಿಜಕ್ಕೂ ಬೇಕಾ?

ಉತ್ತರ: ಬೇಕು ಡಾಕ್ಟರೇ. ನಿಮಗೆ ಚಿಕಿತ್ಸೆ ಚೆನ್ನಾಗಿ ಬರುತ್ತದೆ, ತೊಂದರೆ ಇರುವುದೇ ಅಲ್ಲಿ. ಒಪಿಡಿಯಲ್ಲಿ ಶುಗರ್ ಇಳಿಯದಿದ್ದರೆ ಡೋಸ್ ಸ್ವಲ್ಪ ಜಾಸ್ತಿ ಮಾಡುತ್ತೀರಿ, ಊರಲ್ಲಿ ಜಾತ್ರೆ ಇದೆ ಅಂದವರಿಗೆ ಸರಿ, ಹದಿನೈದು ದಿನ ಬಿಟ್ಟು ಬನ್ನಿ ಅನ್ನುತ್ತೀರಿ. ಟ್ರಯಲ್‌ನಲ್ಲಿ ಪ್ರೊಟೊಕಾಲ್, ಅಂದರೆ ಮೊದಲೇ ಬರೆದಿಟ್ಟ ಯೋಜನೆ, ಒಪ್ಪದಿದ್ದರೆ ಎರಡೂ ತಪ್ಪು. ರೋಗಿಗೆ ತಕ್ಷಣದ ಅಪಾಯ ತಪ್ಪಿಸಬೇಕಾದಾಗ ಬಿಟ್ಟರೆ, ರೋಗಿಗಳ ಹಿತ ಕಾಯುವ ಎಥಿಕ್ಸ್ ಕಮಿಟಿಯ ಒಪ್ಪಿಗೆ ಇಲ್ಲದೆ ಪ್ರೊಟೊಕಾಲ್‌ನಲ್ಲಿ ಏನೂ ಬದಲಿಸುವುದಿಲ್ಲ ಅಂತ ನೀವೇ ಬರೆದುಕೊಡಬೇಕು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಲ್ಲಿ ಆ ಮುಚ್ಚಳಿಕೆಯ ನಮೂನೆಯೇ ಇದೆ.

ನನ್ನನ್ನು ಕೇಳಿದರೆ ಕಾರ್ಯಾಗಾರದ ಅರ್ಧ ಹೊತ್ತು ಒಪ್ಪಿಗೆ ಪತ್ರಕ್ಕೇ ಹೋಗಬೇಕು. ನಮ್ಮ ಕಡೆ ರೋಗಿಗಳು ಏನನ್ನುತ್ತಾರೆ ಗೊತ್ತಲ್ವಾ? 'ನೀವು ಹೇಳಿದ ಮೇಲೆ ಮುಗೀತು ಸಾರ್, ಎಲ್ಲಿ ಸೈನ್ ಹಾಕಲಿ?' ಕೇಳೋಕೆ ಹಿತ, ಆದರೆ ಅದು ಒಪ್ಪಿಗೆ ಅಲ್ಲ, ನಿಮ್ಮ ಮೇಲಿನ ನಂಬಿಕೆ. ಸಿಗುವುದು ಹೊಸ ಔಷಧವೋ ಹೋಲಿಕೆಗೆ ಇಟ್ಟ ಇನ್ನೊಂದೋ ಅನ್ನುವುದು ನಿಮ್ಮ ಕೈಯಲ್ಲಿಲ್ಲ, ಬೇಡ ಅನ್ನಿಸಿದ ದಿನ ಬಿಟ್ಟು ಹೋಗಬಹುದು, ಹೋದರೂ ಮಾಮೂಲಿ ಚಿಕಿತ್ಸೆ ತಪ್ಪುವುದಿಲ್ಲ ಅಂತ ಅವರ ಮಾತಲ್ಲೇ ಹೇಳಬೇಕು. ಓದಲು ಬಾರದವರಾದರೆ ಟ್ರಯಲ್‌ಗೆ ಸಂಬಂಧವಿಲ್ಲದ ಸಾಕ್ಷಿ ಪೂರ್ತಿ ಹೊತ್ತು ಜೊತೆಗಿರಬೇಕು. ನಿಮ್ಮ ನರ್ಸಮ್ಮನನ್ನು ಕೂರಿಸಿದರೆ ಆಗಲ್ಲ. ಒಂದು ಪ್ರತಿ ಅವರ ಕೈಗೂ ಹೋಗಬೇಕು. ಹೊಸ ಮಾಲಿಕ್ಯೂಲ್ ಆಗಿದ್ದು, ಬರುವವರು ದುರ್ಬಲ ವರ್ಗದವರಾದರೆ ಇದೆಲ್ಲ ವಿಡಿಯೊದಲ್ಲೂ ದಾಖಲಾಗಬೇಕು. ಎಚ್‌ಐವಿ, ಕುಷ್ಠದ ಔಷಧಗಳಿಗೆ ಮಾತ್ರ ಬರೀ ಧ್ವನಿ ಸಾಕು, ಮುಖ ಕಾಣಬಾರದಲ್ಲ.

ಇನ್ನೊಂದು, ಎಸ್‌ಎಇ, ಅಂದರೆ ಸಾವು, ಆಸ್ಪತ್ರೆ ಸೇರುವುದು ಮುಂತಾದ ಗಂಭೀರ ಘಟನೆ. ಟ್ರಯಲ್‌ನಲ್ಲಿರುವವರು ಬೈಕಿಂದ ಬಿದ್ದು ಬೇರೆ ಆಸ್ಪತ್ರೆಗೆ ಸೇರಿದರು ಅಂದುಕೊಳ್ಳಿ. ನಮ್ಮ ಔಷಧಕ್ಕೂ ಇದಕ್ಕೂ ಏನು ಸಂಬಂಧ ಅಂತ ಸುಮ್ನೆ ಇರುವ ಹಾಗಿಲ್ಲ. ಭಾನುವಾರವಾದರೂ 24 ಗಂಟೆಯೊಳಗೆ ಸಿಡಿಎಸ್‌ಸಿಒ (ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ), ಪ್ರಾಯೋಜಕರು (ಟ್ರಯಲ್ ಮಾಡಿಸುವ ಕಂಪನಿ), ಎಥಿಕ್ಸ್ ಕಮಿಟಿ ಮೂವರಿಗೂ ತಿಳಿಸಬೇಕು, 14 ದಿನದಲ್ಲಿ ವಿಶ್ಲೇಷಣೆ ಕಳಿಸಬೇಕು. ಸಂಬಂಧ ಇದೆಯಾ ಇಲ್ಲವಾ ಅನ್ನುವುದನ್ನು ಅದರಲ್ಲಿ ಬರೆಯಿರಿ.

ಕಡತ, ಲಾಗ್, ಔಷಧದ ಲೆಕ್ಕ ನಿಮ್ಮ ಕೋಆರ್ಡಿನೇಟರ್ ನೋಡಿಕೊಳ್ಳಬಹುದು, ಆದರೆ ಎಡವಿದರೆ ಉತ್ತರ ಕೊಡಬೇಕಾದವರು ನೀವು. ಹಾಗಾಗಿ ಕಾರ್ಯಾಗಾರಕ್ಕೆ ಅವರನ್ನೂ ಕರೆದುಕೊಂಡು ಹೋಗಿ.

ಆನ್‌ಲೈನ್ ಕೋರ್ಸಿನಲ್ಲೂ ಸರ್ಟಿಫಿಕೇಟ್ ಸಿಗುತ್ತದೆ, ಪ್ರಾಯೋಜಕರು ಒಪ್ಪುವುದೂ ಉಂಟು. ಆದರೆ ಒಬ್ಬರು ರೋಗಿ, ಒಬ್ಬರು ಡಾಕ್ಟರ್ ಆಗಿ ಕೂತು ಒಪ್ಪಿಗೆ ಕೇಳುವ ಅಭ್ಯಾಸ ಮಾಡಿಸುವ ಕಡೆ ಸಿಕ್ಕರೆ ಅಲ್ಲಿಗೇ ಹೋಗಿ. 2025ರ ಜನವರಿಯಲ್ಲಿ ಅಂತಿಮವಾದ ಐಸಿಎಚ್ ಇ6 ಆರ್3, ಅಂದರೆ ಜಿಸಿಪಿಯ ಹೊಸ ಅಂತರರಾಷ್ಟ್ರೀಯ ಮಾರ್ಗಸೂಚಿ, ಪಾಠದಲ್ಲಿ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ. ಹಳೆಯ ಸ್ಲೈಡುಗಳನ್ನೇ ತೋರಿಸುವವರು ಇನ್ನೂ ಇದ್ದಾರೆ.