ಅರ್ಥವಾಗದ ಕೊನೆ ಯಾಕಿಷ್ಟು ಕಾಡುತ್ತದೆ?

2017ರ ಸೆಪ್ಟೆಂಬರ್ 3ರಂದು ಅಮೆರಿಕದಲ್ಲಿ 'ಟ್ವಿನ್ ಪೀಕ್ಸ್: ದಿ ರಿಟರ್ನ್' ಧಾರಾವಾಹಿಯ 18ನೇ ಕಂತು ಪ್ರಸಾರವಾಯಿತು. ಅದೇ ಕೊನೆಯದು. ಕೂಪರ್ ಎಂಬ ಎಫ್‌ಬಿಐ ಏಜೆಂಟ್ ಒಬ್ಬ ಹೆಂಗಸನ್ನು ಕೂರಿಸಿಕೊಂಡು ರಾತ್ರಿಯೆಲ್ಲ ಕಾರು ಓಡಿಸುತ್ತಾನೆ. ಬಹಳ ವರ್ಷಗಳ ಹಿಂದೆ ಕೊಲೆಯಾದ ಲಾರಾ ಪಾಮರ್ ಇವಳೇ ಅಂತ ಅವನ ನಂಬಿಕೆ. ಅವಳಿಗೋ ಆ ಹೆಸರಿನ ನೆನಪೇ ಇಲ್ಲ. ಲಾರಾ ಬೆಳೆದ ಮನೆಯ ಬಾಗಿಲು ತಟ್ಟಿದರೆ ಯಾರೋ ಅಪರಿಚಿತರು ತೆಗೆಯುತ್ತಾರೆ. ಇಬ್ಬರೂ ರಸ್ತೆಗೆ ಇಳಿದು ಬರುತ್ತಾರೆ. "ಇದು ಯಾವ ವರ್ಷ?" ಎಂದು ಕೂಪರ್ ಕೇಳುತ್ತಾನೆ. ಮನೆ ಕಡೆಯಿಂದ 'ಲಾರಾ' ಎಂದು ಕರೆದದ್ದು ಸಣ್ಣಗೆ ಕೇಳಿಸುತ್ತದೆ. ಅವಳು ಕಿರುಚುತ್ತಾಳೆ, ದೀಪಗಳು ಆರುತ್ತವೆ. ಕಥೆ ಮುಗಿಯಿತು.

1990ರಲ್ಲಿ ಶುರುವಾದ ಕಥೆ ಇದು. ಇಷ್ಟು ಕಾಲ ಕಾದವರಿಗೆ ಸಿಕ್ಕಿದ್ದು ಒಂದು ಕಿರುಚು. ಏನಾಯಿತು ಅಂತ ಕೇಳಿದರೆ ಹೇಳಲು ಬರುವುದಿಲ್ಲ. ಆದರೂ ಎದೆ ಭಾರವಾಗಿರುತ್ತದೆ. ತಲೆಗೆ ಅರ್ಥವಾಗದ್ದು ಮನಸ್ಸನ್ನು ಹೇಗೆ ಕಲಕುತ್ತದೆ? ಇದು ನನಗೆ ತುಂಬಾ ಮುಖ್ಯ ಅನ್ನಿಸುವ ಪ್ರಶ್ನೆ. ವಿಜ್ಞಾನದಲ್ಲಿ ಇದಕ್ಕೆ ಒಳ್ಳೆಯ ಸುಳಿವುಗಳಿವೆ.

ಮೊದಲ ಸುಳಿವು ಮಿದುಳಿನ ವಿದ್ಯುತ್ ಅಲೆಗಳಲ್ಲಿದೆ. ಮಾರ್ಟಾ ಕುಟಾಸ್ ಮತ್ತು ಸ್ಟೀವನ್ ಹಿಲ್ಯಾರ್ಡ್ 1980ರಲ್ಲಿ ಒಂದು ಸರಳ ಪ್ರಯೋಗ ಪ್ರಕಟಿಸಿದರು. ಜನ ಒಂದೊಂದೇ ಪದವಾಗಿ ವಾಕ್ಯ ಓದಬೇಕು. ಕೆಲವು ವಾಕ್ಯಗಳ ಕೊನೆಯಲ್ಲಿ ಮಾತ್ರ ಸಂಬಂಧವೇ ಇಲ್ಲದ ಪದ ಇರುತ್ತಿತ್ತು. ಬ್ರೆಡ್ಡಿಗೆ ಬೆಣ್ಣೆ ಸವರಿದ ಅಂತ ಮುಗಿಯಬೇಕಾದ ಕಡೆ ಕಾಲುಚೀಲ ಸವರಿದ ಎಂಬಂತೆ. ಅಂಥ ಪದ ಕಂಡ ಸುಮಾರು 400 ಮಿಲಿಸೆಕೆಂಡಿಗೆ ಮಿದುಳಿನಲ್ಲಿ ಒಂದು ವಿಶೇಷ ಅಲೆ ಏಳುತ್ತದೆ. ಇದಕ್ಕೆ ಎನ್400 ಅಂತ ಹೆಸರು. ಮಿದುಳು ಓದುತ್ತಾ ಓದುತ್ತಾ ಮುಂದೇನು ಬರಬಹುದು ಅಂತ ಸಿದ್ಧವಾಗುತ್ತಲೇ ಇರುತ್ತದೆ. ಆ ಸಿದ್ಧತೆಗೆ ಹೊಂದದ್ದು ಬಂದಾಗ ಅದಕ್ಕೆ ಜಾಸ್ತಿ ಕೆಲಸ ಬೀಳುತ್ತದೆ. ಅಸಂಗತ ಧಾರಾವಾಹಿಯಲ್ಲಿ ಒಂದು ಪದವಲ್ಲ, ದೃಶ್ಯಕ್ಕೆ ದೃಶ್ಯವೇ ಹೀಗೆ ತಪ್ಪುತ್ತದೆ.

ಈ ತಪ್ಪುವಿಕೆ ಬರೀ ಗೊಂದಲವಾಗಿ ಉಳಿಯುತ್ತದೆಯೇ? ಇಲ್ಲಿ ನನಗೆ ಅತಿ ಇಷ್ಟವಾದ ಪ್ರಯೋಗ ಬರುತ್ತದೆ. ಟ್ವಿನ್ ಪೀಕ್ಸ್‌ನ ನಿರ್ದೇಶಕ ಡೇವಿಡ್ ಲಿಂಚ್ 2002ರಲ್ಲಿ 'ರ‍್ಯಾಬಿಟ್ಸ್' ಎಂಬ ಕಿರುಚಿತ್ರ ಸರಣಿ ಮಾಡಿದ್ದರು. ಮೊಲದ ತಲೆಯ ಮನುಷ್ಯರು ಒಂದು ಕೋಣೆಯಲ್ಲಿ ಕೂತು ಒಂದಕ್ಕೊಂದು ಸಂಬಂಧವಿಲ್ಲದ ಮಾತಾಡುತ್ತಾರೆ. ನಗುವಂಥದ್ದೇನೂ ಇಲ್ಲದ ಕಡೆ ಪ್ರೇಕ್ಷಕರ ನಗು ಕೇಳಿಸುತ್ತದೆ. ಡೇನಿಯಲ್ ರ‍್ಯಾಂಡಲ್ಸ್, ಸ್ಟೀವನ್ ಹೈನ್ ಮತ್ತು ಸಂಗಡಿಗರು ಕೆಲವರಿಗೆ ಇದನ್ನು, ಕೆಲವರಿಗೆ 'ದಿ ಸಿಂಪ್ಸನ್ಸ್' ಕಾರ್ಟೂನ್ ತೋರಿಸಿದರು. ಅದಕ್ಕೂ ಮೊದಲು ಕೆಲವರಿಗೆ ಪ್ಯಾರಾಸಿಟಮಾಲ್, ಉಳಿದವರಿಗೆ ಔಷಧಿ ಇಲ್ಲದ ಹುಸಿ ಮಾತ್ರೆ ಕೊಟ್ಟಿದ್ದರು. ಕೊನೆಗೆ, ಹಾಕಿ ಪಂದ್ಯದ ನಂತರ ಗಲಭೆ ಮಾಡಿದವರಿಗೆ ಎಷ್ಟು ದಂಡ ಹಾಕಬೇಕು ಎಂದು ಕೇಳಿದರು. ಕಸಿವಿಸಿಯಾದವರು ತಮ್ಮ ಸರಿ-ತಪ್ಪುಗಳನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತಾರೆ ಎಂಬುದು ಈ ಪ್ರಶ್ನೆಯ ಹಿಂದಿನ ಊಹೆ. ಮೊಲಗಳನ್ನು ನೋಡಿದವರು ಹೆಚ್ಚು ಕಠಿಣವಾದರು. ಪ್ಯಾರಾಸಿಟಮಾಲ್ ನುಂಗಿದ್ದವರಲ್ಲಿ ಆ ಬಿಗಿ ಕಾಣಲಿಲ್ಲ. ಅರ್ಥ ಮುರಿದು ಬಿದ್ದಾಗ ಆಗುವ ಕಸಿವಿಸಿ ಮತ್ತು ಮೈನೋವು ಮಿದುಳಿನಲ್ಲಿ ಹತ್ತಿರದ ಸಂಬಂಧಿಗಳಿರಬಹುದು ಎಂಬುದು 2013ರಲ್ಲಿ ಅವರು ಮುಂದಿಟ್ಟ ವಾದ. ಒಂದು ಪ್ರಯೋಗದ ಮೇಲೆ ದೊಡ್ಡ ತೀರ್ಮಾನ ಕಟ್ಟಬಾರದು, ನಿಜ. ಆದರೆ ಅರ್ಥವಾಗದಿರುವುದು ಬರೀ ತಲೆಯ ಸಮಸ್ಯೆಯಲ್ಲ, ಮೈಮನಸ್ಸಿಗೂ ತಾಗುತ್ತದೆ ಎಂಬ ಕಡೆಗೆ ಅದು ಬೆರಳು ತೋರಿಸುತ್ತದೆ.

ಇನ್ನೊಂದು ಸುಳಿವು ಪಾತ್ರಗಳ ಜೊತೆಗಿನ ನಮ್ಮ ನಂಟಿನದು. ಪರದೆಯ ಮೇಲಿನವರನ್ನು ನಾವು ಪರಿಚಿತರಂತೆ ಕಾಣುತ್ತೇವೆ ಎಂದು ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ 1956ರಲ್ಲೇ ಬರೆದರು. 2004ರಲ್ಲಿ 'ಫ್ರೆಂಡ್ಸ್' ಮುಗಿದಾಗ ಕೆರೆನ್ ಎಯಾಲ್ ಮತ್ತು ಜೊನಾಥನ್ ಕೋಹೆನ್ ಕಾಲೇಜು ವಿದ್ಯಾರ್ಥಿಗಳ ಸಮೀಕ್ಷೆ ಮಾಡಿದರು. ಮೆಚ್ಚಿನ ಪಾತ್ರದ ಜೊತೆ ನಂಟು ಗಟ್ಟಿಯಾದಷ್ಟೂ ಅಗಲಿಕೆಯ ನೋವು ಜಾಸ್ತಿ ಇತ್ತು. ನಿಜ ಜೀವನದ ಅಗಲಿಕೆಯಷ್ಟಲ್ಲ, ಆದರೆ ಅದೇ ಜಾತಿಯ ನೋವು.

ಗಮನಿಸಿ, ಈ ನಂಟಿಗೆ ಕಥೆಯ ತರ್ಕ ಬೇಕಾಗಿಲ್ಲ. ಮುಖ, ದನಿ, ನಡಿಗೆ ಸಾಕು. ದಿ ರಿಟರ್ನ್‌ನಲ್ಲಿ ಮರದ ತುಂಡನ್ನು ಮಗುವಿನಂತೆ ಎತ್ತಿಕೊಂಡ ಮಾರ್ಗರೆಟ್ ಫೋನಿನಲ್ಲಿ ತನ್ನ ಸಾವಿನ ಬಗ್ಗೆ ಮಾತಾಡುತ್ತಾಳೆ. ಆ ಪಾತ್ರ ಮಾಡಿದ ಕ್ಯಾಥರಿನ್ ಕೌಲ್ಸನ್ ಆಗ ನಿಜವಾಗಿಯೂ ಕ್ಯಾನ್ಸರ್‌ನಿಂದ ಸಾಯುತ್ತಿದ್ದರು. 2015ರ ಸೆಪ್ಟೆಂಬರಿನಲ್ಲಿ, ಚಿತ್ರೀಕರಣವಾದ ಸ್ವಲ್ಪವೇ ದಿನಗಳಲ್ಲಿ ತೀರಿಕೊಂಡರು. ಮರದ ತುಂಡು ಯಾಕೆ ಮಾತಾಡುತ್ತದೆ ಅಂತ ತಿಳಿಯದವರಿಗೂ ಆ ದೃಶ್ಯ ತಿಳಿಯುತ್ತದೆ.

ಈಗ ಎರಡನ್ನೂ ಜೋಡಿಸಿ ನೋಡೋಣ. ಸಾಮಾನ್ಯ ಧಾರಾವಾಹಿ ಮುಗಿದಾಗ ದುಃಖದ ಜೊತೆಗೆ ಒಂದು ಸಮಾಧಾನವೂ ಸಿಗುತ್ತದೆ. ಕೊಲೆಗಾರ ಸಿಕ್ಕಿಬಿದ್ದ, ಜೋಡಿ ಒಂದಾಯಿತು ಅಂತ. ಅಸಂಗತ ಕೊನೆಯಲ್ಲಿ ಆ ಸಮಾಧಾನ ಇರುವುದಿಲ್ಲ. ಅಗಲಿಕೆ ಮಾತ್ರ ಪೂರ್ತಿ ಇರುತ್ತದೆ. ಮೇಲೆ ಅರ್ಥ ಮುರಿದ ಕಸಿವಿಸಿ ಬೇರೆ. ಅದಕ್ಕೇ ಅದು ಇಷ್ಟು ಕಾಡುತ್ತದೆ ಅಂತ ನನಗೆ ಅನ್ನಿಸುತ್ತದೆ.

ಕೆಲವೊಮ್ಮೆ ಇದು ಸಿಟ್ಟಾಗಿಯೂ ಹೊರಬರುತ್ತದೆ. 1968ರಲ್ಲಿ ಬ್ರಿಟನ್ನಿನ 'ದಿ ಪ್ರಿಸನರ್' ಧಾರಾವಾಹಿ ಮುಗಿದಾಗ ಹಾಗೇ ಆಯಿತು. ಸೆರೆಯಾಳನ್ನು ಆಳುತ್ತಿರುವ 'ನಂಬರ್ ಒನ್' ಯಾರು ಎಂಬುದು ಇಡೀ ಸರಣಿಯ ಪ್ರಶ್ನೆ. ಕೊನೆಗೆ ಮುಖವಾಡ ಕಿತ್ತರೆ ಒಳಗೆ ಮಂಗನ ಮುಖವಾಡ, ಅದನ್ನೂ ಕಿತ್ತರೆ ಸೆರೆಯಾಳಿನದೇ ಮುಖ! ಪ್ರೇಕ್ಷಕರು ಕೆರಳಿದರು.

ಆದರೆ ಬಿಟ್ಟು ಹೋಗಲಿಲ್ಲ. ಇದನ್ನೂ ಒಂದು ಹಳೆಯ ಪ್ರಯೋಗ ವಿವರಿಸುತ್ತದೆ. ಮರಿಯಾ ಒವ್ಸ್ಯಾಂಕಿನಾ 1928ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರಿಗೆ ಕೆಲಸ ಕೊಟ್ಟು ನಡುವೆಯೇ ತಡೆದರು. ಅವಕಾಶ ಸಿಕ್ಕಿದಾಗ ಹೆಚ್ಚಿನವರು ಯಾರೂ ಹೇಳದಿದ್ದರೂ ಆ ಕೆಲಸವನ್ನು ತಾವಾಗಿಯೇ ಮತ್ತೆ ಕೈಗೆತ್ತಿಕೊಂಡರು. ದಿ ಪ್ರಿಸನರ್ ಅಭಿಮಾನಿಗಳೂ ಅದನ್ನೇ ಮಾಡಿದರು. 1977ರಲ್ಲಿ ಸಂಘ ಕಟ್ಟಿಕೊಂಡರು. ಚಿತ್ರೀಕರಣ ನಡೆದ ವೇಲ್ಸ್‌ನ ಪೋರ್ಟ್‌ಮೇರಿಯನ್‌ನಲ್ಲಿ ಸೇರಿ ಕಥೆಯನ್ನು ಮತ್ತೆ ಮತ್ತೆ ಬಿಡಿಸಿ ನೋಡಿದರು, ಅದರಲ್ಲಿ ಬರುವ ಮನುಷ್ಯರೇ ಕಾಯಿಗಳಾದ ಚದುರಂಗವನ್ನು ಅದೇ ಹುಲ್ಲುಹಾಸಿನ ಮೇಲೆ ತಾವೇ ನಿಂತು ಆಡಿದರು.